ಮೇಯರ್ ಲೆಕ್ಕ: ಪೆನ್ಸಿಲ್ ಹಿಡಿದು ನೀವೇ ಹಾಕಿ ನೋಡಿ

2021ರ ಸೆಪ್ಟೆಂಬರ್ 6. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮತ ಎಣಿಕೆ ಮುಗಿದ ಸಂಜೆ ದುರ್ಗದಬೈಲಿನ ಚಹಾದ ಅಂಗಡಿ ಮುಂದೆ ನಿಂತು ನಾನೊಂದು ಪಂಥ ಕಟ್ಟಿದೆ. ವಾರ್ಡು 82, ಬಹುಮತಕ್ಕೆ ಬೇಕಾದ್ದು 42, ಬಿಜೆಪಿಗೆ ಬಂದದ್ದು 39. "ಮೂರು ಕಡಿಮಿ ಬಿದ್ದಾವ್ರಿ. ಇನ್ನ ಮೂರು ಮಂದಿ ಪಕ್ಷೇತರರ ಮನಿ ಬಾಗಲಾ ಕಾಯೂದು ತಪ್ಪಂಗಿಲ್ಲ" ಅಂದೆ. ಪಕ್ಕದಲ್ಲಿ ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದ ಹಿರಿಯರೊಬ್ಬರು, ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ತಲೆ ಎತ್ತದೆಯೇ ಹೇಳಿದರು: "ತಮ್ಮಾ, ನೀ ಒಂದ ಪಟ್ಟಿ ನೋಡಿದಿ. ಇನ್ನೊಂದು ಪಟ್ಟಿ ಎಲ್ಲೈತಿ? ಅವರಿಗೆ ಮೂರಲ್ಲ, ಒಂದ ಸಾಕು."

ಒಂದು ಪ್ಲೇಟ್ ಗಿರ್ಮಿಟ್ಟು, ಜೊತೆಗೆ ನಾಲ್ಕು ಮಿರ್ಚಿ ಸೋತೆ. ಅವರು ಬೆಂಕಿಪೊಟ್ಟಣದ ಬೆನ್ನಿಗೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ. ಬೇಕಾದ್ದು ಪೆನ್ಸಿಲ್, ರಬ್ಬರ್ ಮತ್ತು ಹಾಳೆ. ಪೆನ್ನು ಬೇಡ, ಅಳಿಸುವ ಕೆಲಸ ಬಹಳ ಇರುತ್ತದೆ.

ಹಂತ 1: ವಾರ್ಡಿನ ಪಟ್ಟಿ

ಇದು ಸುಲಭ, ಮರುದಿನದ ಪೇಪರಿನಲ್ಲೇ ಸಿಗುತ್ತದೆ. 2021ರದ್ದು ಹೀಗಿತ್ತು: ಬಿಜೆಪಿ 39, ಕಾಂಗ್ರೆಸ್ 33, ಎಐಎಂಐಎಂ 3, ಜೆಡಿಎಸ್ 1, ಪಕ್ಷೇತರರು 6. ಪಕ್ಷೇತರರನ್ನು ಒಟ್ಟಿಗೆ ಒಂದೇ ಖಾನೆಯಲ್ಲಿ ತುಂಬಬೇಡಿ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಮೊದಲು ಯಾವ ಪಕ್ಷದ ಟಿಕೆಟ್ ಕೇಳಿದ್ದರು ಎಂದು ಬರೆದುಕೊಳ್ಳಿ. ಟಿಕೆಟ್ ಸಿಗದೆ ಸಿಟ್ಟಿನಿಂದ ನಿಂತು ಗೆದ್ದವರಿಗೂ ಯಾವ ಪಕ್ಷದ ಹಂಗೂ ಇಲ್ಲದೆ ಗೆದ್ದವರಿಗೂ ಬಹಳ ಫರಕು. ಮೊದಲನೆಯವರ ಸಿಟ್ಟು ಸಾಮಾನ್ಯವಾಗಿ ಮೇಯರ್ ಚುನಾವಣೆಯ ತನಕ ಬಾಳುವುದಿಲ್ಲ.

ಹಂತ 2: ಎರಡನೇ ಪಟ್ಟಿ

ನಾನು ಸೋತದ್ದು ಇಲ್ಲಿ. ಮೇಯರ್ ಆಯ್ಕೆಯಲ್ಲಿ ಕಾರ್ಪೊರೇಟರುಗಳಷ್ಟೇ ಅಲ್ಲ, ಇನ್ನೂ ಕೆಲವರು ಕೈ ಎತ್ತುತ್ತಾರೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ, ಯಾರ ಕ್ಷೇತ್ರ ಪೂರ್ತಿಯಾಗಿಯೋ ಭಾಗಶಃವೋ ನಗರದೊಳಗೆ ಬರುತ್ತದೋ ಆ ಸಂಸದರಿಗೂ ಶಾಸಕರಿಗೂ ಮತ ಇದೆ. ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರದ್ದು ಬೇರೆ ಲೆಕ್ಕ, ಅವರ ಹೆಸರು ಈ ಊರಿನ ಮತದಾರರ ಪಟ್ಟಿಯಲ್ಲಿ ಇರಬೇಕು. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿ. ಅವರು ಸಭೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ.

ನಮ್ಮ ಅವಳಿ ನಗರದ ಮಟ್ಟಿಗೆ ಸಂಸದರು ಒಬ್ಬರು. ಶಾಸಕರು ನಾಲ್ವರು: ಪೂರ್ವ, ಸೆಂಟ್ರಲ್, ಪಶ್ಚಿಮ, ಜೊತೆಗೆ ಧಾರವಾಡ ಕ್ಷೇತ್ರ. ಈ ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಅದು ಗ್ರಾಮೀಣ ಕ್ಷೇತ್ರ ಎಂದು ಬಾಯಿಮಾತಿಗೆ ಅಂದರೂ ಅದರ ಒಂದು ತುದಿ ಪಾಲಿಕೆಯೊಳಗೆ ಚಾಚಿದೆ.

ಪರಿಷತ್ತಿನವರನ್ನು ಸದ್ಯ ಬದಿಗಿಟ್ಟು ಕೂಡಿಸೋಣ. 82ಕ್ಕೆ 5 ಸೇರಿಸಿದರೆ 87, ಅರ್ಧ ದಾಟಲು 44. ಬಿಜೆಪಿಯ 39ಕ್ಕೆ ಸಂಸದ ಪ್ರಲ್ಹಾದ ಜೋಶಿ, ಆಗಿನ ಶಾಸಕರಾದ ಜಗದೀಶ ಶೆಟ್ಟರ್, ಅರವಿಂದ ಬೆಲ್ಲದ, ಅಮೃತ ದೇಸಾಯಿ ಸೇರಿದರೆ 43. ಕಾಂಗ್ರೆಸ್ಸಿನ 33ಕ್ಕೆ ಪ್ರಸಾದ ಅಬ್ಬಯ್ಯ ಸೇರಿ 34. ಹಿರಿಯರು ಹೇಳಿದ "ಒಂದ ಸಾಕು" ಎಂಬುದು ಇದೇ. 2022ರ ಮೇ 28ರಂದು ಬಿಜೆಪಿಯ ಈರೇಶ ಅಂಚಟಗೇರಿ ಮೇಯರ್ ಆದರು.

ಎಣಿಕೆ ಸೆಪ್ಟೆಂಬರಿನಲ್ಲಿ, ಮೇಯರ್ ಮೇ ತಿಂಗಳಲ್ಲಿ. ಹತ್ತಿರ ಹತ್ತಿರ ಒಂಬತ್ತು ತಿಂಗಳು ಗೆದ್ದವರು ಗೆದ್ದಂತೆಯೇ ಮನೆಯಲ್ಲಿದ್ದರು. ಆದರೆ ಅವರ ಐದು ವರ್ಷದಲ್ಲಿ ಇದು ಕಡಿತವಾಗುವುದಿಲ್ಲ, ಅವಧಿ ಶುರುವಾಗುವುದು ಮೊದಲ ಸಭೆಯಿಂದ. ನಷ್ಟ ಏನಿದ್ದರೂ ನಳಕ್ಕೆ ನೀರು ಬರದೆ ಯಾರಿಗೆ ಫೋನ್ ಮಾಡಬೇಕು ಎಂದು ತಿಳಿಯದ ನಮ್ಮದು.

ಈ ಪಟ್ಟಿಯನ್ನು ಒಮ್ಮೆ ಬರೆದು ಕಪಾಟಿನಲ್ಲಿ ಇಡಬೇಡಿ. 2023ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಆಯಿತು, ಧಾರವಾಡ ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯಿತು. ಪಾಲಿಕೆಯ ಒಂದು ವಾರ್ಡಿನಲ್ಲೂ ಮರುಚುನಾವಣೆ ನಡೆಯದೆ 43–34 ಇದ್ದದ್ದು 42–35 ಆಯಿತು. ಮರುತಿಂಗಳೇ ಮೇಯರ್ ಚುನಾವಣೆ ಇತ್ತು. ಬಿಜೆಪಿಯ ವೀಣಾ ಭರದ್ವಾಡ ಗೆದ್ದರು, ಲೆಕ್ಕ ಮಾತ್ರ ಹೊಸದು.

ಹಂತ 3: ಗದಗಿನಲ್ಲಿ ಅಭ್ಯಾಸ ಮಾಡಿ

ಲೆಕ್ಕ ಕೈಗೆ ಹತ್ತಬೇಕಾದರೆ ಗದಗ-ಬೆಟಗೇರಿ ನಗರಸಭೆಯಷ್ಟು ಒಳ್ಳೆಯ ಉದಾಹರಣೆ ಈ ಭಾಗದಲ್ಲಿ ಇನ್ನೊಂದಿಲ್ಲ. ಅಲ್ಲಿ ಮೇಯರ್ ಇಲ್ಲ, ಅಧ್ಯಕ್ಷರು. ಪಾಲಿಕೆಯಲ್ಲಿ ಒಂದು ವರ್ಷದ ಅವಧಿಯಾದರೆ ಅಲ್ಲಿ 30 ತಿಂಗಳು. ಸಂಸದರು, ಶಾಸಕರಿಗೆ ಅಲ್ಲಿಯೂ ಮತ ಇದೆ.

ವಾರ್ಡು 35. 2021ರ ಡಿಸೆಂಬರ್ ಚುನಾವಣೆಯಲ್ಲಿ ಬಿಜೆಪಿ 18, ಕಾಂಗ್ರೆಸ್ 15, ಪಕ್ಷೇತರರು 2. ಇಬ್ಬರೂ ಪಕ್ಷೇತರರು ಕಾಂಗ್ರೆಸ್ ಕಡೆ ಎಂದೇ ಇಟ್ಟುಕೊಳ್ಳಿ: 17. ಶಾಸಕ ಎಚ್.ಕೆ. ಪಾಟೀಲರನ್ನು ಸೇರಿಸಿ: 18. ಈಗ ಎರಡೂ ಕಡೆ ಸಮ! ಗದಗ ನಗರ ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಆಗಿನ ಸಂಸದರು ಬಿಜೆಪಿಯ ಶಿವಕುಮಾರ ಉದಾಸಿ. ಅವರನ್ನು ಸೇರಿಸಿದರೆ ಆ ಕಡೆ 19.

ಇದೇ ಹಾಳೆಯಲ್ಲಿ ಸಂಸದರ ಹೆಸರನ್ನು ಒಂದು ಗಳಿಗೆ ರಬ್ಬರಿನಿಂದ ಅಳಿಸಿ ನೋಡಿ. ವಿಮಾನ ತಡವಾಯಿತು, ದಾರಿಯಲ್ಲಿ ಟೈರು ಪಂಕ್ಚರ್ ಆಯಿತು, ಏನೋ ಒಂದು ಎಂದುಕೊಳ್ಳಿ. 18–18. ಮತ ಸಮ ಬಿದ್ದರೆ ಚೀಟಿ ಎತ್ತಬೇಕು. ಮನೆ ಮನೆ ತಿರುಗಿ ಕೇಳಿದ ಓಟು, ಬಾವುಟ, ಭಾಷಣ ಎಲ್ಲ ಸೇರಿ ಕೊನೆಗೆ ಒಂದು ಡಬ್ಬಿಯಲ್ಲಿ ಎರಡು ಚೀಟಿ. ಅಂಥ ಹೊತ್ತು ಬರಲಿಲ್ಲ, ಬಿಜೆಪಿಯ ಉಷಾ ದಾಸರ ಅಧ್ಯಕ್ಷರಾದರು. ಆದರೆ ಒಂದು ಕಾರು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವುದಕ್ಕೆ ಎಷ್ಟು ಬೆಲೆ ಎಂದು ನನಗೆ ಅರ್ಥವಾದದ್ದು ಈ ಲೆಕ್ಕದಿಂದಲೇ.

ಹಂತ 4: ಮೀಸಲಾತಿ ಖಾನೆ

ಸಂಖ್ಯೆ ಇದ್ದ ಮಾತ್ರಕ್ಕೆ ಕುರ್ಚಿ ಸಿಗುವುದಿಲ್ಲ. ಆ ವರ್ಷ ಮೇಯರ್ ಸ್ಥಾನ ಯಾವ ವರ್ಗಕ್ಕೆ, ಉಪಮೇಯರ್ ಯಾವ ವರ್ಗಕ್ಕೆ ಎಂದು ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಅದನ್ನು ಕೈಯಲ್ಲಿ ಹಿಡಿದು ನಿಮ್ಮ ಪಟ್ಟಿಯಲ್ಲಿ ಅರ್ಹರ ಹೆಸರಿಗೆ ಗೆರೆ ಹಾಕಿ. ದೊಡ್ಡ ಪಕ್ಷದಲ್ಲಿ ಒಂದು ಗೆರೆಯೂ ಬೀಳದಿದ್ದರೆ? ಬೆಳಗಾವಿಯಲ್ಲಿ 2018ರಲ್ಲಿ ಹಾಗೇ ಆಯಿತು. ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಬಂತು. ಬಹುಮತವಿದ್ದ ಮರಾಠಿ ಗುಂಪಿನಲ್ಲಿ ಆ ವರ್ಗದ ಸದಸ್ಯರೇ ಇರಲಿಲ್ಲ, ಕನ್ನಡ ಗುಂಪಿನವರು ಮೇಯರ್ ಆದರು.

ಹಂತ 5: ಯಾರು ಊರಲ್ಲಿಲ್ಲ, ನೋಡಿ

ಚುನಾವಣೆಗೆ ನಾಲ್ಕು ದಿನ ಮುಂಚೆ ನಿಮ್ಮ ಕಾರ್ಪೊರೇಟರಿಗೆ ಗಟಾರದ ವಿಷಯಕ್ಕೆ ಫೋನ್ ಹಚ್ಚಿ. ಸ್ವಿಚ್ ಆಫ್ ಬಂದರೆ ಲೆಕ್ಕ ಬಿಗಿಯಾಗಿದೆ ಎಂದು ತಿಳಿಯಿರಿ. ದಾಂಡೇಲಿ ಕಡೆಯ ರೆಸಾರ್ಟುಗಳ ಹೆಸರು ಊರಲ್ಲಿ ಓಡಾಡುವುದು ಇಂಥ ದಿನಗಳಲ್ಲೇ. ನನ್ನ ಮಟ್ಟಿಗೆ ಇದು ರಾಜಕೀಯ ವಿಶ್ಲೇಷಕರ ಎಲ್ಲ ಮಾತಿಗಿಂತ ನಂಬಿಕೆಯ ಸೂಚನೆ. ಹತ್ತು ಮತದ ಅಂತರ ಇದ್ದವರು ಬಸ್ಸು ಬಾಡಿಗೆಗೆ ಯಾಕೆ ಖರ್ಚು ಮಾಡಿಯಾರು?

ಜೊತೆಗೆ ವಿಪ್ ಇರುತ್ತದೆ. ಪಕ್ಷದ ಸೂಚನೆ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ಉಳಿದರೂ, 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಸದಸ್ಯತ್ವಕ್ಕೆ ಕುತ್ತು. ಗುಟ್ಟಿನ ಮತಪೆಟ್ಟಿಗೆಯೂ ಇಲ್ಲ. ಬೆಳಗಾವಿ ಪ್ರಾದೇಶಿಕ ಆಯುಕ್ತರ ಎದುರು ಎಲ್ಲರಿಗೂ ಕಾಣುವಂತೆ ಕೈ ಎತ್ತಬೇಕು. ಎಣಿಸುವುದು ಬಂದು ಕೈ ಎತ್ತಿದವರನ್ನು ಮಾತ್ರ. ಹಾಗಾಗಿ 44 ಎಂದು ಬರೆದದ್ದು ಎಲ್ಲರೂ ಬಂದರೆ ಬೇಕಾಗುವ ಸಂಖ್ಯೆ. ಎದುರಿನವರಲ್ಲಿ ನಾಲ್ವರಿಗೆ ಅಂದೇ ಜ್ವರ ಬಂದರೆ ಅಷ್ಟೂ ಬೇಕಾಗುವುದಿಲ್ಲ.

ಮೇಯರ್ ಆದ ಮೇಲೆ ಹಾಳೆ ಎಸೆಯಬೇಡಿ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು ಸ್ಥಾಯಿ ಸಮಿತಿಗಳಿವೆ. ಮೇಯರ್ ಆಗದೆ ಮುನಿಸಿಕೊಂಡವರ ಹೆಸರುಗಳನ್ನು ಅಲ್ಲಿ ಹುಡುಕಿ.

ಹಿರಿಯರು ಮೊನ್ನೆ ಮತ್ತೆ ಸಿಕ್ಕಿದ್ದರು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆಯಲ್ಲ, ಅದರದ್ದೇ ಮಾತು. "ಸಂಸದರನ್ನ ಎರಡೂ ಕಡೆ ಬರಕೊ. ಪಶ್ಚಿಮದ ಶಾಸಕರ ಕ್ಷೇತ್ರ ಧಾರವಾಡದಾಗೂ ಐತಿ, ಹುಬ್ಬಳ್ಳ್ಯಾಗೂ ಐತಿ, ಅವರನ್ನೂ ಎರಡೂ ಕಡೆ ಬರಕೊ" ಎಂದು ಬಸಿ ಕೆಳಗಿಟ್ಟು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಂದಲ್ಲ, ಎರಡು.