ಉರಿಮೂತ್ರಕ್ಕೆ ಆಂಟಿಬಯಾಟಿಕ್: ಯಾವುದನ್ನು ಹೇಗೆ ನುಂಗಬೇಕು, ಯಾವಾಗ ನಿಲ್ಲಿಸಬೇಕು

ಯೂರಿನ್ ಕಲ್ಚರ್ ಬರೆದುಕೊಟ್ಟಿದ್ದರೆ ಮೊದಲ ಮಾತ್ರೆಗೂ ಮುಂಚೆ ಸ್ಯಾಂಪಲ್ ಕೊಡಿ. ಒಂದು ಡೋಸ್ ಒಳಗೆ ಹೋದರೂ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು; ಆಗ ಮಾತ್ರೆ ಬದಲಿಸಬೇಕಾಗಿ ಬಂದರೆ ದಾರಿ ತೋರಿಸುವ ರಿಪೋರ್ಟೇ ಇರುವುದಿಲ್ಲ. ಮೊದಲು ಸ್ವಲ್ಪ ಹೊರಗೆ ಬಿಟ್ಟು, ನಡುವಿನ ಮೂತ್ರವನ್ನು ಡಬ್ಬಿಗೆ ಹಿಡಿಯಿರಿ.

ಗರ್ಭಿಣಿಯಾಗಿದ್ದರೆ, ಕಿಡ್ನಿ ತೊಂದರೆ, ಜಿ6ಪಿಡಿ ಕೊರತೆ (ಕೆಲವು ಔಷಧಿಗಳಿಂದ ಕೆಂಪು ರಕ್ತಕಣ ಒಡೆಯುವ ಹುಟ್ಟು ತೊಂದರೆ), ಸಲ್ಫಾ ಅಥವಾ ಪೆನಿಸಿಲಿನ್ ಅಲರ್ಜಿ ಇದ್ದರೆ ಡಾಕ್ಟರು ಕೇಳುವವರೆಗೂ ಕಾಯದೆ ನೀವೇ ಹೇಳಿ. ದಿನನಿತ್ಯದ ಮಾತ್ರೆಗಳನ್ನೂ ತೋರಿಸಿ, ಮುಖ್ಯವಾಗಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಮತ್ತು ಶುಗರ್ ಮಾತ್ರೆ.

ನೈಟ್ರೋಫುರಾಂಟಾಯಿನ್ ಊಟದ ಜೊತೆಗೇ ಆಗಬೇಕು. ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ, ಔಷಧಿ ಹೀರಿಕೊಳ್ಳುವುದೂ ಹೆಚ್ಚುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಉರಿ ತಣಿಯಲೆಂದು ಕುಡಿಯುವ ಸಿಟ್ರೇಟ್ ಸಿರಪ್ಪು. ಅದು ಮೂತ್ರವನ್ನು ಕ್ಷಾರೀಯ ಮಾಡುತ್ತದೆ, ಈ ಮಾತ್ರೆಗೋ ಹುಳಿ ಮೂತ್ರವೇ ಬೇಕು. ಎರಡನ್ನೂ ಒಟ್ಟಿಗೆ ಬರೆದಿದ್ದರೆ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಒಣಕೆಮ್ಮು, ಉಬ್ಬಸ, ಕೈಕಾಲು ಜೋಮು ಶುರುವಾದರೆ ಮುಂದಿನ ಡೋಸ್ ನುಂಗದೆ ಡಾಕ್ಟರಿಗೆ ತಿಳಿಸಿ.

ಸಿಪ್ರೋಫ್ಲಾಕ್ಸಾಸಿನ್‌ ಜೊತೆ ಹಾಲು, ಮೊಸರು ಬೇಡ. ಕ್ಯಾಲ್ಸಿಯಂ, ಐರನ್, ಸತುವಿನ ಮಾತ್ರೆ, ಆಂಟಾಸಿಡ್ ಇವೆಲ್ಲ ಔಷಧಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಇವುಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಸಿಪ್ರೋ ನುಂಗಿ. ಹಿಮ್ಮಡಿಯ ಹಿಂದೆ ನೋವು, ಊತ ಕಂಡರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಆ ಕಾಲಿಗೆ ಭಾರ ಹಾಕಬೇಡಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿಯುವ ಅಪಾಯವಿದೆ. 60 ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಜಾಸ್ತಿ. ಶುಗರ್ ಮಾತ್ರೆಯವರಿಗೆ ಸಕ್ಕರೆ ದಿಢೀರನೆ ಇಳಿಯಬಹುದು.

ಫಾಸ್ಫೋಮೈಸಿನ್ 3 ಗ್ರಾಂ ಪುಡಿ ಸಾಮಾನ್ಯವಾಗಿ ಒಂದೇ ಸಲ. ಅರ್ಧ ಲೋಟ ತಣ್ಣೀರಿಗೆ ಕದಡಿ, ಖಾಲಿ ಹೊಟ್ಟೆಯಲ್ಲಿ, ಮೂತ್ರಕ್ಕೆ ಹೋಗಿಬಂದು ಮಲಗುವ ಮುಂಚೆ ಕುಡಿಯಿರಿ. ಔಷಧಿ ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಲ್ಲಬೇಕು, ಅದಕ್ಕೇ ಈ ಹೊತ್ತು.

ಒಂದು ಡೋಸ್ ಮರೆತರೆ ನೆನಪಾದಾಗ ನುಂಗಿ. ಮುಂದಿನದು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಉರಿ ನಿಂತರೂ ಬರೆದಷ್ಟು ದಿನ ಮುಗಿಸಿ.

48 ಗಂಟೆಯಲ್ಲಿ ಉರಿ ಇಳಿಯದಿದ್ದರೆ ಮತ್ತೆ ತೋರಿಸಿ. ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ಮಾತ್ರೆಯೇ ನಿಲ್ಲದಷ್ಟು ವಾಂತಿ ಇದ್ದರೆ ಅಷ್ಟೂ ಕಾಯಬೇಡಿ, ಸೋಂಕು ಕಿಡ್ನಿಗೆ ಏರಿರಬಹುದು. ಮುಖ, ತುಟಿ ಊದಿ ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗಿ. ನೀರಿನಂಥ ಭೇದಿ ಪದೇ ಪದೇ ಆದರೆ, ರಕ್ತ ಬಿದ್ದರೆ, ಕೋರ್ಸ್ ಮುಗಿದು ಕೆಲವು ವಾರವಾಗಿದ್ದರೂ ಆಂಟಿಬಯಾಟಿಕ್ ತೆಗೆದುಕೊಂಡಿದ್ದನ್ನು ಹೇಳಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ನುಂಗಬೇಡಿ.