ಮೂಗಿಗೆ ಸೀಸ, ಮೈಗೆ ಬೆಳ್ಳಿ: ನಾನು ಲಿಬರೇಟರ್ ಕಟ್ಟಿದ್ದು

ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನ ಬಿ-24 ಲಿಬರೇಟರ್ ಬಾಂಬರ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ. ನಾನು ಕಟ್ಟಿದ ಪ್ಲಾಸ್ಟಿಕ್ ಮಾದರಿ ಅದರ 48ರಲ್ಲಿ ಒಂದು ಪಾಲು, ಅಂದರೆ 1/48 ಅಳತೆಯಲ್ಲಿ 70 ಸೆಂಟಿಮೀಟರ್. ಕೇಳೋಕೆ ಏನೂ ಅನಿಸಲ್ಲ. ಹುಬ್ಬಳ್ಳಿಯ ಸಣ್ಣ ಮನೆಯಲ್ಲಿ, ಊಟದ ಟೇಬಲ್ ಮೇಲೆ ರೆಕ್ಕೆ ಜೋಡಿಸಿಟ್ಟಾಗ ಗೊತ್ತಾಗುತ್ತದೆ. ಅವ್ವ ಕೇಳಿದ್ದು ಒಂದೇ ಮಾತು: "ತಮ್ಮಾ, ತಾಟು ಎಲ್ಲಿ ಇಡೂದೋ?"

ಮಾದರಿಯ ಬಿಡಿಭಾಗಗಳ ಪೆಟ್ಟಿಗೆ ಮೊನೋಗ್ರಾಂ ಕಂಪನಿಯ ಹಳೆ ಅಚ್ಚಿನದು, ಈಗ ರೆವೆಲ್ ಹೆಸರಲ್ಲಿ ಸಿಗುವಂಥದ್ದು. ಅಂಗಡಿಯಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸಿದೆ. ಲ್ಯಾಂಕಾಸ್ಟರ್, ಬಿ-17 ಥರದ ಬಾಂಬರ್ ಎಲ್ಲ ಬಿಟ್ಟು ಇದೇ ಯಾಕೆ ಅಂದರೆ, ಈ ವಿಮಾನಕ್ಕೆ ನಮ್ಮ ರಾಜ್ಯದ ಋಣ ಇದೆ. ಯುದ್ಧ ಮುಗಿದಾಗ ಬ್ರಿಟಿಷರು ಲೆಂಡ್-ಲೀಸ್ ಎಂಬ ಯುದ್ಧಕಾಲದ ನೆರವಿನ ಲೆಕ್ಕದಲ್ಲಿ ಅಮೆರಿಕದಿಂದ ಪಡೆದಿದ್ದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಸುಮ್ನೆ ಬಿಡಲಿಲ್ಲ, ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟರು. ಆ ಗುಜರಿಯಿಂದ ಎಚ್‌ಎಎಲ್‌ನವರು ಒಂದೊಂದನ್ನೇ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿ ಬೆಂಗಳೂರಿಗೆ ತಂದರು. ಲಾರಿಯಲ್ಲಲ್ಲ, ಹಾರಿಸಿಕೊಂಡೇ! ಹಾರಿಸಿದವರು ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ. ಬೆಂಗಳೂರಿನಲ್ಲಿ ಪೂರ್ತಿ ಸಜ್ಜಾದ ಮೇಲೆ ವಾಯುಪಡೆಗೆ ಸೇರಿದವು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಶುರುವಾದದ್ದೇ ಇವುಗಳಿಂದ. 1968ರ ತನಕ ನಮ್ಮಲ್ಲಿ ಹಾರಿದವು. ಬೇರೆ ದೇಶಗಳಲ್ಲಿ ಆ ಹೊತ್ತಿಗೆ ಬಹುತೇಕ ಎಲ್ಲ ಕರಗಿಸಿ ಪಾತ್ರೆ-ಪಗಡ ಆಗಿದ್ದವು. ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್ ಭಾರತ ಕೊಟ್ಟದ್ದು. ಅಮೆರಿಕದ ಪೀಮಾ ಮ್ಯೂಸಿಯಂನದೂ ನಮ್ಮಲ್ಲಿ ಹಾರಿದ್ದೇ. ಅವುಗಳ ಫೋಟೋಗಳನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದೆ.

ಇಷ್ಟು ದೊಡ್ಡ ಮಾದರಿ ಕಟ್ಟುವವರು ಸಾಮಾನ್ಯವಾಗಿ ಒಳಗಿನ ಕುಸುರಿಗೆ ಬೀಳುತ್ತಾರೆ. ಸೀಟಿನ ಬೆಲ್ಟು, ರೇಡಿಯೋದ ಗುಂಡಿ, ಆಮ್ಲಜನಕದ ಸಿಲಿಂಡರು. ಅರ್ಧ ಮೈ ಇನ್ನರ್ಧಕ್ಕೆ ಅಂಟಿಸಿದ ಮೇಲೆ ಅದರಲ್ಲಿ ಕಾಣೋದು ಎಷ್ಟು? ಕಾಕ್‌ಪಿಟ್ ಚೆನ್ನಾಗಿ ಮಾಡಿ, ಪಕ್ಕದ ದೊಡ್ಡ ಕಿಟಕಿಗಳಿಂದ ಕಾಣುವ ಮೆಷಿನ್‌ಗನ್ ಜಾಗ ಮಾಡಿ, ಉಳಿದದ್ದಕ್ಕೆ ಹಸಿರು ಬಳಿದು ಮುಚ್ಚಿ. ನನ್ನ ಪ್ರಕಾರ ದೊಡ್ಡ ಬಾಂಬರ್ ಗೆಲ್ಲೋದು ಸೋಲೋದು ಎರಡೇ ಕಡೆ: ಅದು ನಿಲ್ಲುವ ರೀತಿಯಲ್ಲಿ, ಮತ್ತೆ ಅದರ ಮೈಯಲ್ಲಿ.

ಮೊದಲು ನಿಲ್ಲೋದು. ಲಿಬರೇಟರ್‌ಗೆ ಮೂಗಿನ ಕೆಳಗೆ ಒಂದು ಗಾಲಿ ಕಾಲು, ರೆಕ್ಕೆ ಕೆಳಗೆ ಎರಡು. ಬಾಲ ಉದ್ದ, ಮೇಲೆ ಎರಡು ದೊಡ್ಡ ರಡ್ಡರ್ (ವಿಮಾನವನ್ನು ಎಡ-ಬಲ ತಿರುಗಿಸುವ, ನೆಟ್ಟಗೆ ನಿಂತ ಹಲಗೆ). ಪ್ಲಾಸ್ಟಿಕ್ ಮಾದರಿಯಲ್ಲಿ ಹಿಂದಿನ ಭಾರವೇ ಜಾಸ್ತಿ, ಹಾಗಾಗಿ ಮೂಗು ಆಕಾಶ ನೋಡಿ ಬಾಲ ಕುಂತುಬಿಡುತ್ತದೆ. ಮೈ ಮುಚ್ಚುವ ಮುಂಚೆ ಮೂಗಿನಲ್ಲಿ ತೂಕ ತುಂಬಬೇಕು. ಎಷ್ಟು ಅಂತ ತಿಳಿಯಲು ಎಲ್ಲ ಭಾಗಗಳನ್ನೂ ಟೇಪ್ ಹಚ್ಚಿ ತಾತ್ಕಾಲಿಕವಾಗಿ ಜೋಡಿಸಿ, ಹಿಂದಿನ ಎರಡು ಕಾಲು ಬರುವ ಜಾಗಕ್ಕೆ ಸರಿಯಾಗಿ ಕೆಳಗೆ ಒಂದು ಪೆನ್ಸಿಲ್ ಅಡ್ಡ ಇಟ್ಟೆ. ಮೂಗಿಗೆ ಸಣ್ಣ ಪ್ಲಾಸ್ಟಿಕ್ ಚೀಲ ಕಟ್ಟಿ, ಮುಂದಕ್ಕೆ ವಾಲುವ ತನಕ ತೂಕ ಹಾಕುತ್ತಾ ಹೋದೆ. ವಾಲಿದ ಮೇಲೆ ಇನ್ನೊಂದಿಷ್ಟು ಜಾಸ್ತಿಯೇ ಹಾಕಬೇಕು, ಯಾಕೆಂದರೆ ಬಣ್ಣ, ಪುಟ್ಟಿ ಎಲ್ಲ ಬಾಲದ ಕಡೆಗೂ ಸೇರುತ್ತದೆ. ನನ್ನದಕ್ಕೆ ನೂರು ಗ್ರಾಂ ದಾಟಿತು.

ತೂಕ ಸಿಕ್ಕಿದ್ದು ಗೋಕುಲ ರಸ್ತೆಯ ಟೈರ್ ಅಂಗಡಿಯಲ್ಲಿ. ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿನಿಂದ ಕಿತ್ತು ಬಿಸಾಕುವ ಸೀಸದ ತುಂಡು ಇರುತ್ತವಲ್ಲ, ಅವು.

"ಯಾ ಗಾಡಿಗ್ರೀ?" ಅಂದ ಹುಡುಗ.

"ವಿಮಾನಕ್ಕಪಾ."

"ಹಂಗಾರ ನಾಕೂ ಗಾಲಿಗೆ ಹಾಕ್ಸ್ರಿ, ಇಲ್ಲಾಂದ್ರ ಎಂಬತ್ತರ ಮ್ಯಾಗ ಸ್ಟೇರಿಂಗ್ ನಡಗತೈತಿ!"

ದುಡ್ಡು ತಗೊಳ್ಳಲಿಲ್ಲ. ಹೊಸ ತುಂಡುಗಳಲ್ಲಿ ಕಬ್ಬಿಣದವೂ ಬರುತ್ತವೆ. ಸೀಸವೇ ನೋಡಿ ತಗೊಳ್ಳಿ, ಇರುವ ಸಣ್ಣ ಜಾಗದಲ್ಲಿ ಜಾಸ್ತಿ ತೂಕ ಕೂರುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯೋದು ಮರೆಯಬೇಡಿ. ಇನ್ನೊಂದು ಮುಖ್ಯ ಮಾತು: ಸೀಸವನ್ನು ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಕೂರಿಸಬಾರದು. ಅದು ಸೀಸವನ್ನು ನಿಧಾನಕ್ಕೆ ತಿಂದು ಬಿಳಿ ಪುಡಿ ಮಾಡುತ್ತದೆ. ಪುಡಿ ಉಬ್ಬಿ, ಒಂದೆರಡು ವರ್ಷದ ಮೇಲೆ ಮೈಯೇ ಬಿರಿಯಬಹುದು. ಎಂ-ಸೀಲ್ ಇಲ್ಲವೇ ಅರಾಲ್ಡೈಟ್ ಬಳಸಿ. ಕಾಕ್‌ಪಿಟ್ ನೆಲದ ಕೆಳಗೆ, ಹಿಂದಿನ ಗೋಡೆಯ ಆಚೆ ತುಂಬಿದೆ. ಉಳಿದದ್ದು ನಾಲ್ಕು ಎಂಜಿನ್‌ಗಳ ಹಿಂದೆ. ಎಂಜಿನ್‌ಗಳು ರೆಕ್ಕೆಗಿಂತ ಮುಂದೆ ಚಾಚಿರುವುದರಿಂದ ಅಲ್ಲಿಟ್ಟ ತೂಕವೂ ಕೆಲಸಕ್ಕೆ ಬರುತ್ತದೆ, ಆದರೆ ಮೂಗಿನಲ್ಲಿ ಇಟ್ಟಷ್ಟು ಅಲ್ಲ. ಇಷ್ಟು ಭಾರ ಹೊರುವ ಮೂಗಿನ ಕಾಲು ಬರೀ ಪ್ಲಾಸ್ಟಿಕ್. ಅದರೊಳಗೆ ಸಣ್ಣ ತೂತು ಕೊರೆದು ಹೊಲಿಗೆ ಸೂಜಿಯ ತುಂಡು ಸೇರಿಸಿದೆ. ರೆಕ್ಕೆಯ ಬುಡದಲ್ಲಿ ಅಲ್ಯೂಮಿನಿಯಂ ಪಟ್ಟಿ ಹಾಯಿಸಿದೆ. ಲಿಬರೇಟರ್‌ನ ರೆಕ್ಕೆ ಉದ್ದ, ಅಗಲ ಕಡಿಮೆ. ಆಸರೆ ಇಲ್ಲದಿದ್ದರೆ ಕಾಲ ಕಳೆದಂತೆ ತುದಿ ಜೋತು ಬೀಳುತ್ತದೆ.

ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಭಾಗಗಳು ತುಂಬಾ ಇವೆ: ಮೂಗಿನ ಗೋಪುರ (ಮೆಷಿನ್‌ಗನ್ ಕೂರಿಸಿದ ಗೂಡು), ಬೆನ್ನಿನ ಗೋಪುರ, ಬಾಲದ ಗೋಪುರ, ಕಾಕ್‌ಪಿಟ್. ಇವುಗಳ ಹತ್ತಿರ ಫೆವಿಕ್ವಿಕ್ ತರಲೇಬೇಡಿ. ಅದರ ಹಬೆಗೆ ಗಾಜು ಮಸುಕಾಗುತ್ತದೆ. ಇಲ್ಲಿ ಮಾತ್ರ ಫೆವಿಕಾಲ್ ಬೇಕು. ಒಣಗಿದ ಮೇಲೆ ಕಾಣಲ್ಲ, ಜಾಸ್ತಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಬಣ್ಣ ತಾಗದಂತೆ ಒಂದೊಂದು ಚೌಕಟ್ಟಿನ ನಡುವೆ ಟೇಪ್ ಕತ್ತರಿಸಿ ಹಚ್ಚೋದು ಬೇಸರದ ಕೆಲಸ. ರೇಡಿಯೋ ಹಚ್ಚಿಕೊಂಡು ಕೂತರೆ ಆಗುತ್ತದೆ.

ಇನ್ನು ಮೈ. ನಮ್ಮ ವಾಯುಪಡೆಯ ಲಿಬರೇಟರ್‌ಗಳ ಮೈಗೆ ಬಣ್ಣ ಇರಲಿಲ್ಲ, ಬರೀ ಲೋಹದ ಹೊಳಪು. ಹಸಿರು ಬಣ್ಣದ ಬಾಂಬರ್ ಆದರೆ ನೂರು ತಪ್ಪು ಮುಚ್ಚಿಹೋಗುತ್ತವೆ. ಬೆಳ್ಳಿ ಹಾಗಲ್ಲ, ಚಾಡಿಕೋರನ ಹಾಗೆ ಕೆಳಗಿದ್ದುದನ್ನೆಲ್ಲ ಹೊರಗೆ ಹೇಳಿಬಿಡುತ್ತದೆ. ಅಂಟಿನ ಸಂದು, ಉಗುರು ತಾಗಿದ ಗೀರು, ಎಲ್ಲಾ.

ಸಂದಿಗೆ ಗ್ಯಾರೇಜಿನವರ ಎನ್‌ಸಿ ಪುಟ್ಟಿಯೇ ಸಾಕು. ಆದರೆ ತೆಳ್ಳಗೆ ಹಚ್ಚಬೇಕು, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ಕರಗಿಸುವಷ್ಟು ಖಾರ. ಹಚ್ಚಿ, ಪೂರ್ತಿ ಒಣಗಲು ಬಿಟ್ಟು, ನೀರು ಹಾಕಿ ವಾಟರ್ ಪೇಪರ್ (ಉಜ್ಜು ಕಾಗದ) ತಿಕ್ಕಬೇಕು: ಮೊದಲು 400 ನಂಬರಿನದು, ಆಮೇಲೆ ಇನ್ನೂ ನುಣುಪಾದ 600, 1000, ಕೊನೆಗೆ 2000. ಬೆರಳನ್ನು ಸಂದಿನ ಮೇಲೆ ಅಡ್ಡ ಎಳೆದು ನೋಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಹಳೆ ಅಚ್ಚಿನಲ್ಲಿ ತಗಡಿನ ಗೆರೆಗಳು ಉಬ್ಬಿಕೊಂಡಿರುತ್ತವೆ, ತಿಕ್ಕುವಾಗ ಅಳಿಸಿಹೋಗುತ್ತವೆ. ಅಳಿಸಿದ ಕಡೆ ದಪ್ಪ ಟೇಪನ್ನು ಸ್ಕೇಲ್ ಮಾಡಿಕೊಂಡು ಸೂಜಿಯಿಂದ ಮತ್ತೆ ಗೀರಿದೆ.

ಬೆಳ್ಳಿಗೆ ಮುಂಚೆ ಹೊಳೆಯುವ ಕಪ್ಪು ಬಣ್ಣ ಬೇಕು. ಕಪ್ಪು ಕನ್ನಡಿಯಷ್ಟು ನುಣುಪಾದರೆ ಮೇಲಿನ ಅಲ್ಯೂಮಿನಿಯಂ ನಿಜವಾದ ತಗಡಿನ ಹಾಗೆ ಮಿಂಚುತ್ತದೆ. ನಮ್ಮೂರಿನ ಹವಾಮಾನ ಇಲ್ಲಿ ಆಟ ಆಡಿಸುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಹಿಡಿದು ಬೂದಿ ಬಳಿದಂತಾಗುತ್ತದೆ. ಧಾರವಾಡದವರಿಗೆ ಜಿಟಿಜಿಟಿ ಮಳೆಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಅದಕ್ಕೇ ನಾನು ದೀಪಾವಳಿ ಮುಗಿಸಿ, ಚಳಿಗಾಲದ ಮಧ್ಯಾಹ್ನಗಳಲ್ಲಿ ಏರ್‌ಬ್ರಶ್ (ಬಣ್ಣ ಸಿಂಪಡಿಸುವ ಸಣ್ಣ ಪಿಚಕಾರಿ) ಹಿಡಿದೆ. ಹುಬ್ಬಳ್ಳಿಯ ಧೂಳು ಮಾತ್ರ ವರ್ಷವಿಡೀ ಇದ್ದದ್ದೇ. ಬಚ್ಚಲುಮನೆಯಲ್ಲಿ ನೀರು ಚಿಮುಕಿಸಿ ನೆಲ ಒದ್ದೆ ಮಾಡಿ, ಧೂಳು ಕೂತ ಮೇಲೆ ಕಿಟಕಿಯ ಫ್ಯಾನ್ ಹಾಕಿ, ಮಾಸ್ಕ್ ತೊಟ್ಟು ಅಲ್ಲೇ ಹೊಡೆದೆ.

ಎಲ್ಲಾ ಒಂದೇ ಬೆಳ್ಳಿ ಆದರೆ ಆಟಿಕೆ ಅನಿಸುತ್ತದೆ. ನಿಜವಾದ ಲಿಬರೇಟರ್‌ನಲ್ಲಿ ರಡ್ಡರ್, ಎಲಿವೇಟರ್ (ಬಾಲದ ಅಡ್ಡ ಹಲಗೆ), ಐಲೆರಾನ್ (ರೆಕ್ಕೆ ತುದಿಯ ಹಲಗೆ), ವಿಮಾನವನ್ನು ತಿರುಗಿಸುವ ಈ ಮೂರಕ್ಕೂ ಬಟ್ಟೆಯ ಹೊದಿಕೆ. ಅದಕ್ಕೆ ಬಳಿದ ಬೆಳ್ಳಿ ಬಣ್ಣ ಮಂಕು. ಅಲ್ಲಿ ಬೂದು ಬೆರೆಸಿದೆ. ಪ್ರತಿ ಎಂಜಿನ್ ಗೂಡಿನ ಕೆಳಗೆ ಹಿಂದುಗಡೆ ಟರ್ಬೋ ಚಕ್ರ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವಂಥದ್ದು) ಇದೆ, ಹೊಗೆ ಬರೋದು ಅಲ್ಲಿಂದ. ಅಲ್ಲಿ ಕಂದು, ಕಪ್ಪು ಕಲೆ ಹಿಡಿಸಿದೆ. ಎಂಜಿನ್ ಗೂಡಿನ ಬಾಯಿ ದುಂಡಗಿಲ್ಲದೆ ಮೊಟ್ಟೆಯಾಕಾರ ಇರೋದೂ ಅದಕ್ಕೇ ಸಂಬಂಧಿಸಿದ್ದು. ಎಣ್ಣೆಯನ್ನೂ ಟರ್ಬೋದ ಬಿಸಿಗಾಳಿಯನ್ನೂ ತಣಿಸಲು ಎರಡೂ ಪಕ್ಕ ಗಾಳಿದಾರಿ ಇಟ್ಟಿದ್ದಾರೆ.

ಪೆಟ್ಟಿಗೆಯ ಸ್ಟಿಕ್ಕರ್‌ಗಳು ಅಮೆರಿಕದವು, ನನಗೆ ಉಪಯೋಗಕ್ಕೆ ಬರಲಿಲ್ಲ. ವೃತ್ತ ಕತ್ತರಿಸುವ ಕಂಪಾಸ್‌ನಿಂದ ಟೇಪ್ ಕತ್ತರಿಸಿ ನಮ್ಮ ಗುರುತನ್ನು ಬಣ್ಣದಲ್ಲೇ ಹೊಡೆದೆ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೊದಲು ಎಲ್ಲಾ ಬಿಳಿ ಹೊಡೆದು, ಆಮೇಲೆ ಉಳಿದೆರಡು. ಕೇಸರಿಯನ್ನು ನೇರ ಬೆಳ್ಳಿ ಮೇಲೆ ಹೊಡೆದರೆ ಕೊಳೆ ಬಣ್ಣ ಬರುತ್ತದೆ.

ಈಗ ಉಳಿದಿರೋದು ಧೂಳಿಗೆ ಮುಚ್ಚಳ. ಬೋರ್ಡ್ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಪೆಟ್ಟಿಗೆಗೆ ಅಳತೆ ಕೊಟ್ಟು ಬಂದಿದ್ದೇನೆ: 75 ಉದ್ದ, 48 ಅಗಲ, 18 ಎತ್ತರ, ಸೆಂಟಿಮೀಟರ್ ಲೆಕ್ಕದಲ್ಲಿ. ರೇಟು ಕೇಳಿದರೆ ವಿಮಾನಕ್ಕಿಂತ ಅದರ ಮನೆಯೇ ತುಟ್ಟಿ.