10 ಮೀಟರ್ ಏರ್ ಪಿಸ್ತೂಲ್: ಕಲಿಯಲು ತೊಡಗುವವರು ಮೊದಲು ಬೆರಳನ್ನು ಪಳಗಿಸಬೇಕು

ಶೂಟಿಂಗ್ ರೇಂಜಿಗೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಗುಂಡು ಎಲ್ಲಿ ಬಿತ್ತೆಂದು ನೋಡುವ ಆತುರದಲ್ಲಿ ಗುಂಡು ಹಾರುವ ಮೊದಲೇ ತಲೆ ಎತ್ತುತ್ತಾರೆ. ಅಂಕ ಕಡಿಮೆ ಬಂದಾಗ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೈಟ್ ತಿರುಗಿಸುತ್ತಾರೆ, ಪೆಲೆಟ್ ಎಂಬ ಪುಟ್ಟ ಗುಂಡುಗಳನ್ನು ಬದಲಿಸುತ್ತಾರೆ, ಕೊನೆಗೆ ಪಿಸ್ತೂಲನ್ನೇ ಬದಲಿಸಲು ಹೊರಡುತ್ತಾರೆ. ದೋಷ ಈ ಮೂರರಲ್ಲಿ ಯಾವುದರಲ್ಲೂ ಇರುವುದಿಲ್ಲ, ಟ್ರಿಗರ್ ಮೇಲಿನ ಬೆರಳಿನಲ್ಲಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಕಂಚು ಗೆದ್ದು, ಸರಬ್‌ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಇನ್ನೊಂದು ಕಂಚು ತಂದ ಬಳಿಕ ಈ ಕ್ರೀಡೆಯತ್ತ ಮಕ್ಕಳನ್ನು ಕರೆತರುವ ತಂದೆತಾಯಿಯರಿಗೂ, ತಾವೇ ಕಲಿಯಬೇಕೆಂದು ಬರುವ ನಡುವಯಸ್ಸಿನವರಿಗೂ ಈ ಕ್ರಮವನ್ನು ವಿವರಿಸುವುದು ಅಗತ್ಯವೆನಿಸಿತು. ನಡುವಯಸ್ಸಿನವರು ಹಿಂಜರಿಯಬೇಕಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ಇದೇ ವಿಭಾಗದಲ್ಲಿ 2013ರ ಚಾಂಗ್ವಾನ್ ವಿಶ್ವಕಪ್‌ನ ಕಂಚನ್ನೂ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿಯನ್ನೂ ಗೆದ್ದದ್ದು ವಯಸ್ಸು ಮೂವತ್ತೈದು ದಾಟಿದ ಮೇಲೆ.

ಕೊಳ್ಳುವ ಮುನ್ನ

ಮೊದಲ ಕೆಲವು ತಿಂಗಳು ಪಿಸ್ತೂಲ್ ಕೊಳ್ಳಬೇಡಿ. ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ. ಹೊರದೇಶದಿಂದ ಬರುವ ಸ್ಪರ್ಧಾ ದರ್ಜೆಯ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ನಿಮ್ಮ ಕೈಗೆ ಯಾವ ಅಳತೆಯ ಗ್ರಿಪ್ ಹೊಂದುತ್ತದೆ, ತೋಳು ಎಷ್ಟು ತೂಕ ತಾಳುತ್ತದೆ ಎಂಬುದು ಗೊತ್ತಾಗುವ ಮೊದಲೇ ಅಷ್ಟು ಹಣ ಸುರಿದವರು ಬಳಿಕ ಅದನ್ನು ಅರ್ಧ ಬೆಲೆಗೆ ಮಾರುವುದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ. ಸ್ಟೇಯರ್, ವಾಲ್ಥರ್, ಮೊರಿನಿ, ಪಾರ್ದಿನಿ ಎಂಬ ಕಂಪನಿಗಳ ಪಿಸ್ತೂಲುಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆ ಆರಂಭದ ಹಂತದವರಿಗೆ ಸಂಬಂಧಿಸಿದ್ದೇ ಅಲ್ಲ, ಏಕೆಂದರೆ ಈ ಯಾವ ಪಿಸ್ತೂಲನ್ನಾದರೂ ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಗುಂಡುಗಳೆಲ್ಲ ಟಾರ್ಗೆಟ್‌ನ ನಟ್ಟನಡುವಿನ, ಹತ್ತು ಅಂಕದ ವೃತ್ತದೊಳಗೇ ಬೀಳುತ್ತವೆ. ಆದರೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ನಿಜವಾದ ಪಿಸ್ತೂಲಿನಂತೆ ಕಾಣುವ ಕಬ್ಬಿಣದ ಗುಂಡಿನ ಆಟಿಕೆಗಳನ್ನು ಮಾತ್ರ ಅಭ್ಯಾಸಕ್ಕೆಂದು ಎಂದಿಗೂ ತರಬೇಡಿ. ಅವುಗಳ ಟ್ರಿಗರ್ ಒರಟಾಗಿರುತ್ತದೆ, ಸೈಟ್ ತಿದ್ದಲು ಬರುವುದಿಲ್ಲ, ಗುಂಡು ಗಟ್ಟಿ ವಸ್ತುವಿಗೆ ತಗುಲಿದರೆ ಚಿಮ್ಮಿ ಹಿಂದಕ್ಕೆ ಬರುತ್ತದೆ.

ಕಾನೂನಿನ ವಿಷಯ ಸರಳವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ಗನ್‌ಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲ್ ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹಾರಿಸುವುದರಿಂದ ಅದರ ಶಕ್ತಿ 6 ಜೂಲ್ ಸುತ್ತಮುತ್ತ ಇರುತ್ತದೆ. ಪರವಾನಗಿ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಹತ್ತಿರದಿಂದ ಕಣ್ಣಿಗೆ ತಗುಲಿದರೆ ದೃಷ್ಟಿ ಹೋಗುತ್ತದೆ.

ರೇಂಜಿನ ಶಿಸ್ತು

ಪಿಸ್ತೂಲಿನ ಮೂತಿ ಎಲ್ಲ ಹೊತ್ತಿನಲ್ಲೂ ಗುರಿಯ ಕಡೆಗೇ ಇರಬೇಕು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಹೊಡೆಯದಿರುವಾಗ ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್, ಅಂದರೆ ಗುಂಡಿಲ್ಲವೆಂದು ತೋರಿಸುವ ಬಣ್ಣದ ದಾರ, ಇರಲೇಬೇಕು. ಮುಂದೆ ಯಾರಾದರೂ ಟಾರ್ಗೆಟ್ ಬದಲಿಸುತ್ತಿದ್ದರೆ ಪಿಸ್ತೂಲನ್ನು ಮುಟ್ಟುವಂತೆಯೇ ಇಲ್ಲ. ಪಿಸ್ತೂಲಿಗೆ ಜೋಡಿಸುವ, ಗಾಳಿ ತುಂಬಿದ ಸಿಲಿಂಡರಿನ ಒತ್ತಡ 200 ಬಾರ್‌ವರೆಗೆ ಇರುವುದರಿಂದ ಅದರ ಮೇಲೆ ಕೊರೆದಿರುವ ತಯಾರಿಕೆಯ ದಿನಾಂಕವನ್ನು ನೋಡಿ, ಹತ್ತು ವರ್ಷ ಮೀರಿದ್ದನ್ನು ಬಳಸಬೇಡಿ. ಹಳೆಯ ಪಿಸ್ತೂಲ್ ಕೊಳ್ಳುವವರು ಮರೆಯುವುದು ಇದನ್ನೇ. ಪೆಲೆಟ್‌ಗಳು ಸೀಸದವು. ಬಾಯಿಗೆ ಹಾಕಿಕೊಳ್ಳಬೇಡಿ, ರೇಂಜಿನಿಂದ ಹೊರಟಾಗ ಸೋಪಿನಿಂದ ಕೈ ತೊಳೆಯಿರಿ, ಅಭ್ಯಾಸದ ನಡುವೆ ಆ ಕೈಯಲ್ಲೇ ಬಿಸ್ಕತ್ತು ತಿನ್ನಬೇಡಿ.

ನಿಲುವು ಮತ್ತು ಹಿಡಿತ

ಸ್ಪರ್ಧೆಯ ನಿಯಮದಂತೆ ಪಿಸ್ತೂಲನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹಿಡಿಯಬೇಕು, ಮಣಿಕಟ್ಟಿಗೆ ಪಟ್ಟಿ ಕಟ್ಟುವಂತಿಲ್ಲ. ಕೊಡಗಿನ ಕಡೆಯಿಂದ ಬರುವವರಿಗೆ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಿಂದಾಗಿ ಬಂದೂಕಿನ ಅಭ್ಯಾಸ ಚೆನ್ನಾಗಿರುತ್ತದೆ, ಶಿಸ್ತೂ ಇರುತ್ತದೆ. ಆದರೆ ಬಂದೂಕಿಗೆ ಭುಜದ ಆಸರೆಯುಂಟು, ಪಿಸ್ತೂಲಿಗೆ ಅದಿಲ್ಲ. ಹೀಗಾಗಿ ಅವರೂ ಈ ಹಂತವನ್ನು ಮೊದಲಿನಿಂದಲೇ ಕಲಿಯಬೇಕಾಗುತ್ತದೆ.

ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ದೇಹದ ತೂಕವನ್ನು ಎರಡು ಕಾಲಿಗೂ ಸಮನಾಗಿ ಹಂಚಿ, ಖಾಲಿ ಕೈಯನ್ನು ಜೇಬಿನಲ್ಲೋ ಬೆಲ್ಟಿನಲ್ಲೋ ಸಿಕ್ಕಿಸಿ ನಿಲ್ಲಿ. ಬಳಿಕ ಕಣ್ಣು ಮುಚ್ಚಿ, ಖಾಲಿ ಪಿಸ್ತೂಲನ್ನು ಗುರಿಯ ಕಡೆಗೆ ಎತ್ತಿ, ತೋಳು ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಕಣ್ಣು ತೆರೆಯಿರಿ. ಪಿಸ್ತೂಲ್ ಗುರಿಯ ಎಡಕ್ಕೋ ಬಲಕ್ಕೋ ಇದ್ದರೆ ತೋಳನ್ನು ತಿರುಗಿಸಿ ಸರಿಪಡಿಸಬೇಡಿ, ಹಿಂದಿನ ಪಾದವನ್ನು ಸ್ವಲ್ಪ ಸರಿಸಿ ಮತ್ತೆ ಕಣ್ಣು ಮುಚ್ಚಿ ನೋಡಿ. ತೋಳಿನಿಂದ ಎಳೆದು ತಂದ ಗುರಿ ಗುಂಡು ಹಾರುವ ಕ್ಷಣದಲ್ಲಿ ತನ್ನ ಮೂಲಸ್ಥಾನಕ್ಕೇ ಮರಳುತ್ತದೆ.

ಹಿಡಿತದಲ್ಲಿ ಮುಖ್ಯವಾದುದು ಸಮತೆ. ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳು ಗ್ರಿಪ್ಪನ್ನು ನೇರವಾಗಿ ಹಿಂದಕ್ಕೆ ಒತ್ತಬೇಕು, ಹೆಬ್ಬೆರಳೂ ಕಿರುಬೆರಳೂ ಸುಮ್ಮನೆ ಇರಬೇಕು, ಮಣಿಕಟ್ಟು ಗಟ್ಟಿಯಾಗಿರಬೇಕು. ಮರದ ಗ್ರಿಪ್ ಕೈಗೆ ಹೊಂದದಿದ್ದರೆ ಸಂದುಗಳಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಸರಿಮಾಡಿಕೊಳ್ಳಬಹುದು. ಈ ಕೆಲಸವನ್ನು ಕೋಚ್ ಎದುರಿಗೇ ಮಾಡಿ.

ಕಣ್ಣು ಎಲ್ಲಿರಬೇಕು

ಟಾರ್ಗೆಟ್‌ನ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಕಪ್ಪು ಭಾಗದ ವ್ಯಾಸ 59.5 ಮಿಲಿಮೀಟರ್. ಇಷ್ಟು ಚಿಕ್ಕ ಗುರಿಯನ್ನು ಸ್ಪಷ್ಟವಾಗಿ ನೋಡಬೇಕೆನಿಸುವುದು ಸಹಜ, ಆದರೆ ಹಾಗೆ ನೋಡಲೇಬಾರದು. ನೋಟ ಮೂತಿಯ ಬಳಿ ಇರುವ ಮುಂದಿನ ಸೈಟಿನ ಮೇಲೆ ನಿಲ್ಲಬೇಕು. ಅದರ ಮೇಲಂಚು ಹರಿತವಾಗಿ ಕಾಣಬೇಕು, ಹಿಂದಿನ ಸೈಟಿನ ಕಿಂಡಿಯಲ್ಲಿ ಎರಡೂ ಬದಿಗೆ ಸಮನಾದ ಬೆಳಕಿನ ಗೆರೆಗಳು ಇರಬೇಕು, ಗುರಿ ಮಬ್ಬಾದ ಕಪ್ಪು ಚುಕ್ಕೆಯಾಗಿ ಉಳಿಯಬೇಕು.

ಇದರ ಕಾರಣವನ್ನು ಲೆಕ್ಕ ಹಾಕಿ ತಿಳಿದುಕೊಂಡವರು ಮತ್ತೆ ಗುರಿಯನ್ನು ದಿಟ್ಟಿಸುವುದಿಲ್ಲ. ಎರಡು ಸೈಟುಗಳ ನಡುವಣ ಅಂತರ ಸುಮಾರು 34 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಸೈಟ್ ಕಿಂಡಿಯ ನಡುವಿನಿಂದ ಕೇವಲ 1 ಮಿಲಿಮೀಟರ್ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 30 ಮಿಲಿಮೀಟರ್ ಸರಿಯುತ್ತದೆ, ಹತ್ತು ಆಗಬೇಕಾದದ್ದು ಏಳಕ್ಕೆ ಇಳಿಯುತ್ತದೆ. ಬದಲಿಗೆ ಸೈಟುಗಳು ಸರಿಯಾಗಿದ್ದು ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕೆ ತೂಗಿದರೆ ಗುಂಡೂ 5 ಮಿಲಿಮೀಟರ್ ಮಾತ್ರ ಸರಿದು ಹತ್ತರೊಳಗೇ ಉಳಿಯುತ್ತದೆ. ಆದ್ದರಿಂದ ಕೈ ತೂಗುವುದಕ್ಕೆ ಹೆದರಬೇಡಿ. ಕೈ ಎಲ್ಲರಿಗೂ ತೂಗುತ್ತದೆ. ಕೆಡುಕು ಬರುವುದು ಮಣಿಕಟ್ಟು ಬಾಗಿ ಸೈಟುಗಳ ಹೊಂದಿಕೆ ತಪ್ಪಿದಾಗ.

ಗುರಿಯನ್ನು ಕಪ್ಪಿನ ನಟ್ಟನಡುವೆ ಹಿಡಿಯಬೇಡಿ, ಕಪ್ಪಿನಲ್ಲಿ ಕಪ್ಪು ಸೈಟ್ ಕಾಣದಾಗುತ್ತದೆ. ಕಪ್ಪಿನ ಕೆಳಗಿನ ಬಿಳಿ ಪ್ರದೇಶದಲ್ಲಿ ಸೈಟ್ ನೆಲೆಸಲಿ, ಅಲ್ಲಿ ಹಿಡಿದರೂ ಗುಂಡು ನಡುವೆ ಬೀಳುವಂತೆ ಸೈಟನ್ನು ಹೊಂದಿಸಿರುತ್ತಾರೆ. ಕಪ್ಪಿನ ಅಂಚಿಗೆ ಸೈಟನ್ನು ತಾಗಿಸಿಯೇ ಹಿಡಿಯಬೇಕೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅಂಚು ಸರಿಯಾಗಿ ತಾಗಿತೇ ಎಂದು ನೋಡಲು ಹೋದ ಕಣ್ಣು ಗುರಿಯ ಮೇಲೆಯೇ ಉಳಿದುಬಿಡುತ್ತದೆ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚುವುದೂ ಬೇಡ. ಅದರ ಮುಂದೆ 30 ಮಿಲಿಮೀಟರ್ ಮೀರದ ಅಗಲದ ಬಿಳಿ ಪಟ್ಟಿಯೊಂದನ್ನು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ.

ಟ್ರಿಗರ್

ಎಲ್ಲರೂ ಎಡವುವುದು ಇಲ್ಲಿಯೇ. ನಿಯಮದ ಪ್ರಕಾರ ಟ್ರಿಗರಿನ ತೂಕ 500 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ನಳಿಗೆಯನ್ನು ಲಂಬವಾಗಿ ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕ ನೇತುಹಾಕಿ ಮೇಲೆತ್ತಿದಾಗ ಅದು ಬಿಡುಗಡೆಯಾಗಬಾರದು. ಸ್ಪರ್ಧೆಯ ಪಿಸ್ತೂಲುಗಳ ಟ್ರಿಗರಿಗೆ ಎರಡು ಹಂತಗಳಿರುತ್ತವೆ. ಮೊದಲ ಹಂತದಲ್ಲಿ ಅದು ಮೆತ್ತಗೆ ಹಿಂದೆ ಸರಿದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಎರಡನೆಯ ಹಂತದಲ್ಲಿ ಸ್ವಲ್ಪವೇ ಹೆಚ್ಚಿನ ಒತ್ತಡಕ್ಕೆ ಗುಂಡು ಹಾರುತ್ತದೆ. ಕಲಿಯುವವರಿಗೆ ನನ್ನ ಸಲಹೆಯೆಂದರೆ 500 ಗ್ರಾಂನಲ್ಲಿ 350ರಿಂದ 400ರಷ್ಟನ್ನು ಮೊದಲ ಹಂತಕ್ಕೇ ಇಡಿ. ಆಗ ಪಿಸ್ತೂಲ್ ಗುರಿಯ ಪ್ರದೇಶಕ್ಕೆ ಇಳಿಯುವಷ್ಟರಲ್ಲಿ ಕೆಲಸದ ಬಹುಪಾಲು ಮುಗಿದಿರುತ್ತದೆ.

ಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಭಾಗದ ನಡುವೆ ಟ್ರಿಗರ್ ಕೂರಬೇಕು. ಬೆರಳು ಒಳಗೆ ಹೋಗಿ ಗಿಣ್ಣಿನ ಮಡಿಕೆಗೆ ಸಿಕ್ಕರೂ ತಪ್ಪು, ತುದಿಯಲ್ಲಿ ಮಾತ್ರ ತಾಗಿದರೂ ತಪ್ಪು. ಟ್ರಿಗರನ್ನು ಮುಟ್ಟುವ ಭಾಗವೊಂದನ್ನು ಬಿಟ್ಟರೆ ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ಎಲ್ಲೂ ತಾಗಬಾರದು. ಒತ್ತಡ ನಳಿಗೆಯ ನೇರಕ್ಕೆ, ಹಿಂದಕ್ಕೆ ಮಾತ್ರ ಹೋಗಬೇಕು.

ಈಗ ತಪ್ಪು ನಡೆಯುವ ಬಗೆಯನ್ನು ನೋಡಿ. ಕಲಿಯುವವರು ಸೈಟ್ ಗುರಿಯ ಕೆಳಗೆ ಸುಳಿದಾಡುವುದನ್ನು ನೋಡುತ್ತ ಅದು ನಿಲ್ಲಲೆಂದು ಕಾಯುತ್ತಾರೆ. ಅದು ನಿಲ್ಲುವುದಿಲ್ಲ. ಕಾದು ಕಾದು, ಸರಿಯಾದ ಜಾಗಕ್ಕೆ ಬಂತೆನಿಸಿದ ಕೂಡಲೇ ಈಗಲೇ ಹೊಡೆಯಬೇಕೆಂದು ಮನಸ್ಸು ಆಜ್ಞೆ ಮಾಡುತ್ತದೆ. ಆಗ ಬೆರಳೊಂದೇ ಅಲ್ಲ, ಇಡೀ ಅಂಗೈ ನಿಂಬೆಹಣ್ಣನ್ನು ಹಿಂಡುವಂತೆ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ತೋರುಬೆರಳಿನ ಉಗುರು ಒಮ್ಮೆಲೇ ಬಿಳುಚಿ, ಹೆಬ್ಬೆರಳು ಗ್ರಿಪ್ಪಿನೊಳಕ್ಕೆ ಊರಿ, ಮೂತಿ ಕೂದಲೆಳೆಯಷ್ಟು ತಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ. ಬಲಗೈಯವರ ಟಾರ್ಗೆಟ್‌ನಲ್ಲಿ ಗುಂಡುಗಳು ಎಡಗಡೆಯ ಕೆಳಭಾಗದಲ್ಲಿ, ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಗುಂಪುಗೂಡಿದ್ದರೆ ಸೈಟನ್ನು ಮುಟ್ಟಬೇಡಿ, ಅದು ಬೆರಳಿನ ಸಹಿ. ಎಡಗೈಯವರಿಗೆ ಅದೇ ಗುಂಪು ಬಲಗಡೆಯ ಕೆಳಭಾಗದಲ್ಲಿರುತ್ತದೆ.

ಸರಿಯಾದ ಕ್ರಮ ಹೀಗಿದೆ. ಉಸಿರು ಎಳೆದುಕೊಳ್ಳುತ್ತ ಪಿಸ್ತೂಲನ್ನು ಗುರಿಗಿಂತ ಮೇಲಕ್ಕೆ ಎತ್ತಿ. ಉಸಿರು ಬಿಡುತ್ತ ನಿಧಾನವಾಗಿ ಇಳಿಸುವಾಗಲೇ ಮೊದಲ ಹಂತವನ್ನು ಒತ್ತಿ ಗೋಡೆಯವರೆಗೆ ತನ್ನಿ. ಬಿಳಿ ಪ್ರದೇಶದಲ್ಲಿ ಸೈಟ್ ನೆಲೆಸಿದಾಗ ಉಸಿರನ್ನು ಅರ್ಧದಲ್ಲಿ ತಡೆದು, ಕಣ್ಣನ್ನು ಮುಂದಿನ ಸೈಟಿನ ಮೇಲಿಟ್ಟು, ಕೈ ತೂಗುತ್ತಿದ್ದರೂ ಬೆರಳಿನ ಒತ್ತಡವನ್ನು ನಿಲ್ಲಿಸದೆ, ಹೆಚ್ಚಿಸುತ್ತಲೇ ಹೋಗಿ. ಯಾವ ಕ್ಷಣದಲ್ಲಿ ಗುಂಡು ಹಾರುತ್ತದೆಂಬುದು ನಿಮಗೇ ಖಚಿತವಾಗಿ ಗೊತ್ತಿರಬಾರದು. ಸೈಟ್ ನೆಲೆಸಿದ ಎಂಟು ಸೆಕೆಂಡುಗಳೊಳಗೆ ಗುಂಡು ಹಾರದಿದ್ದರೆ ಬೆರಳು ತೆಗೆದು ಪಿಸ್ತೂಲನ್ನು ಕೆಳಗಿಳಿಸಿ, ನಾಲ್ಕಾರು ಬಾರಿ ಉಸಿರಾಡಿ ಮತ್ತೆ ಎತ್ತಿ. ಹೀಗೆ ಇಳಿಸುವುದನ್ನು ಸೋಲೆಂದು ಭಾವಿಸುವವರು ಆರನ್ನೂ ಏಳನ್ನೂ ಹೊಡೆಯುತ್ತಲೇ ಇರುತ್ತಾರೆ. ಗುಂಡು ಹಾರಿದ ಮೇಲೆಯೂ ಒಂದೆರಡು ಸೆಕೆಂಡು ಸೈಟನ್ನೇ ನೋಡುತ್ತ, ಟ್ರಿಗರನ್ನು ಒತ್ತಿ ಹಿಡಿದೇ ಇರಿ. ಪೆಲೆಟ್ ನಳಿಗೆಯಿಂದ ಹೊರಬೀಳುವ ಮುನ್ನವೇ ಕೈ ಸಡಿಲವಾದರೆ ಅಷ್ಟೂ ಹೊತ್ತಿನ ಶ್ರಮ ವ್ಯರ್ಥ.

ಇದನ್ನು ಕಲಿಯುವ ಜಾಗ ಬರಿಯ ಗೋಡೆ. ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲವೆಂದು ಎರಡು ಬಾರಿ ನೋಡಿ, ಗುಂಡು ಹಾರಿಸದೆ ಟ್ರಿಗರ್ ಒತ್ತಲು ಬರುವ ಡ್ರೈ ಫೈರಿಂಗ್ ವ್ಯವಸ್ಥೆಗೆ ಹೊಂದಿಸಿ, ಬಿಳಿ ಗೋಡೆಯ ಮುಂದೆ ನಿಂತು, ಗುರಿಯೇ ಇಲ್ಲದೆ ಸೈಟನ್ನು ಮಾತ್ರ ನೋಡುತ್ತ ಟ್ರಿಗರ್ ಬಿಡಿ. ಬಿಡುಗಡೆಯ ಕ್ಷಣದಲ್ಲಿ ಸೈಟ್ ಅಲುಗಿದರೆ ತಪ್ಪು ಕಣ್ಣೆದುರಿಗೇ ಕಾಣುತ್ತದೆ. ಟಾರ್ಗೆಟ್ ಇದ್ದಾಗ ಅಂಕದ ಆಸೆ ಅದನ್ನು ಮುಚ್ಚಿಬಿಡುತ್ತದೆ. ದಿನವೂ ಕಾಲುಗಂಟೆ ಇದನ್ನು ಮಾಡುವವರು ವಾರಕ್ಕೊಮ್ಮೆ ರೇಂಜಿನಲ್ಲಿ ನೂರು ಗುಂಡು ಹೊಡೆಯುವವರಿಗಿಂತ ಬೇಗ ಸುಧಾರಿಸುತ್ತಾರೆ. ಪಿಸ್ತೂಲಿಗೆ ಲೇಸರ್ ಸಿಕ್ಕಿಸಿಕೊಂಡು ಗೋಡೆಯ ಮೇಲಿನ ಕೆಂಪು ಚುಕ್ಕೆಯನ್ನು ನೋಡುತ್ತ ಅಭ್ಯಾಸ ಮಾಡುವ ಅಡ್ಡದಾರಿ ಬೇಡ. ಅದು ಕಣ್ಣನ್ನು ಸೈಟಿನಿಂದ ಗುರಿಗೆ ಎಳೆದೊಯ್ಯುತ್ತದೆ.

ಪೆಲೆಟ್ ಮತ್ತು ಸೈಟ್ ತಿದ್ದುವಿಕೆ

ಮುಂಭಾಗ ಚಪ್ಪಟೆಯಾಗಿರುವ 4.5 ಮಿಲಿಮೀಟರ್ ಪೆಲೆಟ್‌ಗಳನ್ನೇ ಕೊಳ್ಳಿ, ಅವು ಕಾಗದದಲ್ಲಿ ದುಂಡಗಿನ ತೂತು ಮಾಡುತ್ತವೆ. ಮೊನಚು ತುದಿಯವು ಈ ಕ್ರೀಡೆಗೆ ಅಲ್ಲ. ಡಬ್ಬಿ ಕೈಜಾರಿ ಬಿದ್ದು ಪೆಲೆಟ್‌ಗಳ ಅಂಚು ನೆಗ್ಗಿದ್ದರೆ ಅವನ್ನು ಬೇರ್ಪಡಿಸಿ.

ಸೈಟ್ ತಿದ್ದುವುದು ಗುಂಪಿನ ನಡುವನ್ನು ನೋಡಿ, ಒಂದೇ ಗುಂಡನ್ನು ನೋಡಿ ಅಲ್ಲ. ಕನಿಷ್ಠ ಐದು ಗುಂಡು ಹೊಡೆದ ಮೇಲೆ, ಗುಂಪು ಎತ್ತ ಸರಿಯಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಿ. ಗುಂಪೇ ಇಲ್ಲದೆ ಗುಂಡುಗಳು ಚದುರಿದ್ದರೆ ತಿದ್ದುವಂಥದ್ದು ಸೈಟಿನಲ್ಲಿ ಏನೂ ಇಲ್ಲ.

ಸ್ಪರ್ಧೆಗೆ ಮುನ್ನ

ಅರ್ಹತಾ ಸುತ್ತಿನಲ್ಲಿ 60 ಗುಂಡುಗಳಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 75 ನಿಮಿಷ, ಅದಕ್ಕೆ ಮುಂಚೆ ಸಿದ್ಧತೆಗೂ ಪರೀಕ್ಷಾ ಗುಂಡುಗಳಿಗೂ 15 ನಿಮಿಷ ಸಿಗುತ್ತದೆ. 2018ರಿಂದ ಮಹಿಳೆಯರಿಗೂ 40ರ ಬದಲು 60 ಗುಂಡುಗಳೇ. ತೋಳಿಗೆ ಅಷ್ಟು ಹೊತ್ತು ತಾಳುವ ಶಕ್ತಿ ಬರುವವರೆಗೆ ಅಭ್ಯಾಸದಲ್ಲಿ ಹತ್ತು ಹತ್ತು ಗುಂಡುಗಳ ಸರಣಿಗಳಾಗಿ ಹೊಡೆದು ನಡುವೆ ಕುಳಿತು ವಿಶ್ರಮಿಸಿ. ಮೊದಲ ಸ್ಪರ್ಧೆಯ ದಿನ ಪರಿಶೀಲನೆಯ ಮೇಜಿನಲ್ಲಿ ಪಿಸ್ತೂಲ್ 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು, 1500 ಗ್ರಾಂ ಮೀರಬಾರದು, ಟ್ರಿಗರ್ 500 ಗ್ರಾಂ ಎತ್ತಬೇಕು, ಶೂ ಕಾಲಿನ ಹರಡನ್ನು ಮುಚ್ಚಬಾರದು. ಟ್ರಿಗರನ್ನು 500 ಗ್ರಾಂನ ಅಂಚಿಗೇ ಇಟ್ಟುಕೊಂಡು ಹೋದರೆ ಆ ಬೆಳಿಗ್ಗೆ ಅಲ್ಲಿಯೇ ಅದನ್ನು ತಿದ್ದುತ್ತ ಕೂರಬೇಕಾಗುತ್ತದೆ, ಬೆರಳಿಗೆ ಅಭ್ಯಾಸವಾದ ಭಾರವೂ ಬದಲಾಗುತ್ತದೆ. ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ಇಟ್ಟು, ಹಿಂದಿನ ವಾರವಿಡೀ ಅದೇ ಭಾರದಲ್ಲಿ ಗೋಡೆಯ ಅಭ್ಯಾಸ ಮಾಡಿ ಹೋಗಿ.